ಕಾರ್ಡಿನಲ್ಲಿ ಐದು, ಮನೆಯಲ್ಲಿ ಏಳು

ಯುಗಾದಿಗೆ ಗಿಣಿಗೇರಾಕ್ಕೆ ಹೋಗಿದ್ದೆ. ಅವ್ವ ಟ್ರಂಕ್ ತೆಗೆದು ಹಳೇ ಕಾಗದ ಹರವಿಕೊಂಡು ಕೂತಿದ್ದಳು. ಅದರಲ್ಲಿ ಒಂದು ಆರೋಗ್ಯ ವಿಮೆ ಕಾರ್ಡ್ ಸಿಕ್ಕಿತು. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯದು.

2008ರಲ್ಲಿ ಶುರುವಾದ ಯೋಜನೆ ಅದು. 30 ರೂಪಾಯಿ ಕೊಟ್ಟು ಹೆಸರು ಬರೆಸಿದರೆ ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗೆ ಆಸ್ಪತ್ರೆ ಖರ್ಚು. ಆದರೆ ಒಂದು ಕಾರ್ಡಿಗೆ ಐದೇ ಜನ. ನಾವೋ ಏಳು ಮಂದಿ! ಬಿಟ್ಟುಹೋದವರು ಅಜ್ಜಿ ಮತ್ತು ಕೊನೆಯ ತಂಗಿ. "ಅಂದ್ರ ನಾ ಎಣಿಕ್ಯಾಗ ಇರ್ಲಿಲ್ಲೇನು?" ಅಂತ ತಂಗಿ ನಕ್ಕಳು. ಅಪ್ಪ ಮಾತಾಡಲಿಲ್ಲ, ಯಾರ ಹೆಸರು ಬಿಡಬೇಕು ಅಂತ ಆವತ್ತು ಹೇಳಬೇಕಾಗಿ ಬಂದದ್ದು ಅವನೇ ತಾನೆ.

2018ರಲ್ಲಿ ಆಯುಷ್ಮಾನ್ ಭಾರತ್ ಬಂದಾಗ ಈ ಐದರ ಮಿತಿ ಹೋಯಿತು. ಮೊತ್ತ 5 ಲಕ್ಷ ಆಯಿತು. ಒಳ್ಳೆಯದೇ. ಆದರೆ ಅದೇ ವರ್ಷ ಕರ್ನಾಟಕದಲ್ಲಿ ಇನ್ನೊಂದು ನಿಯಮವೂ ಬಂತು: ತುರ್ತು ಚಿಕಿತ್ಸೆ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಮೊದಲು ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ಎರಡೂ ಬಂದದ್ದು ಸರ್ಕಾರದ ಆದೇಶದಿಂದ. ನಮ್ಮ ಆಫೀಸಿನಲ್ಲಿ ಒಂದು ಸಾಲು ಕೋಡ್ ಬದಲಿಸಿದರೂ ಇನ್ನೊಬ್ಬರು ನೋಡಿ ಒಪ್ಪಬೇಕು. ಇಲ್ಲಿ ನೋಡುವವರು ಯಾರು?

ಇದೇ ಪ್ರಶ್ನೆ ಅಮೆರಿಕದಲ್ಲೂ ಎದ್ದಿತ್ತು. ಅಲ್ಲಿ ಮಕ್ಕಳಿಗೇ ಅಂತ 1997ರಿಂದ ಸರ್ಕಾರಿ ವಿಮೆ ಇದೆ. 2007ರ ಆಗಸ್ಟ್ 17ರಂದು ಬುಷ್ ಸರ್ಕಾರ ರಾಜ್ಯಗಳಿಗೆ ಒಂದು ಪತ್ರ ಬರೆಯಿತು. ಸ್ವಲ್ಪ ಹೆಚ್ಚು ಆದಾಯದ ಮನೆಯ ಮಕ್ಕಳನ್ನು ಸೇರಿಸಬೇಕಾದರೆ, ಮೊದಲು ಕಡಿಮೆ ಆದಾಯದ ಮಕ್ಕಳಲ್ಲಿ ಶೇ. 95ರಷ್ಟು ಮಂದಿಗೆ ವಿಮೆ ಇರಬೇಕು, ಮತ್ತೆ ಆ ಹೊಸ ಮಗು ಒಂದು ವರ್ಷ ವಿಮೆಯಿಲ್ಲದೇ ಕಾದಿರಬೇಕು! ಬರೀ ಪತ್ರ, ನಿಯಮ ಅಲ್ಲ ಅನ್ನೋದು ಸರ್ಕಾರದ ವಾದ. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2008ರ ಏಪ್ರಿಲ್‌ನಲ್ಲಿ, ಇದು ನಿಯಮವೇ, 1996ರ ಕಾನೂನಿನಂತೆ ಸಂಸತ್ತಿನ ಮುಂದೆ ಇಡಲೇಬೇಕಿತ್ತು ಎಂದಿತು. 2009ರ ಫೆಬ್ರವರಿಯಲ್ಲಿ ಒಬಾಮಾ ಆ ಪತ್ರವನ್ನೇ ವಾಪಸ್ ತೆಗೆಸಿದರು.

ನಮ್ಮಲ್ಲಿ ಕಾಯ್ದೆಯೊಂದರ ಅಡಿಯಲ್ಲಿ ಮಾಡಿದ ನಿಯಮಗಳು ಸದನದ ಮುಂದೆ ಬರುತ್ತವೆ, ಅಧೀನ ಶಾಸನ ಸಮಿತಿ ಅವನ್ನು ನೋಡುತ್ತದೆ. ಆದರೆ ಈ ವಿಮೆಗಳು ಕಾಯ್ದೆಯಿಂದ ಹುಟ್ಟಿದವಲ್ಲ, ಬರೀ ಯೋಜನೆಗಳು. ಹಾಗಾಗಿ ಆ ದಾರಿ ಇಲ್ಲ. ಉಳಿಯೋದು ಸದನದ ಪ್ರಶ್ನೋತ್ತರ, ಕೋರ್ಟು, ಮತ್ತೆ ಸಿಎಜಿ. 2023ರಲ್ಲಿ ಸಿಎಜಿ ಆಯುಷ್ಮಾನ್ ಲೆಕ್ಕ ತೆಗೆದಾಗ, ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿಗೆ ಒಂದೇ ಮೊಬೈಲ್ ನಂಬರ್ ಇದ್ದದ್ದು ಹೊರಬಿತ್ತು: ಹತ್ತು ಒಂಬತ್ತುಗಳು! ಟೆಸ್ಟಿಂಗ್ ಮಾಡುವಾಗ ನಾವೂ ಹೀಗೇ ತುಂಬಿಸ್ತೀವಿ ಬಿಡಿ. ಆದರೆ ಆ ಪರಿಶೋಧನೆ ಬಂದದ್ದು ಯೋಜನೆ ಶುರುವಾಗಿ ಐದು ವರ್ಷಕ್ಕೆ.

ನಿಮ್ಮ ಮನೆಯ ಹಳೇ ಕಾರ್ಡ್ ಇದ್ದರೆ ತೆಗೆದು ನೋಡಿ. ಯಾರ ಹೆಸರು ಬಿಟ್ಟುಹೋಗಿತ್ತು ಅಂತ ಬರೆಯಿರಿ.