ಮುಯ್ಯಿಯೂ ಮನೆಯೂ: ಧಾತು-ಈಶ್ವರ ಕ್ಷಾಮದ ಒಂದು ಪಾಠ



ಕನಕಪುರ ತಾಲ್ಲೂಕಿನ ದಕ್ಷಿಣ ಭಾಗದಲ್ಲಿರುವ ಉಯ್ಯಂಬಳ್ಳಿಯು ಹೆಸರಾಂತ ರಾಜಧಾನಿಯೂ ಅಲ್ಲ, ಪುಣ್ಯಕ್ಷೇತ್ರವೂ ಅಲ್ಲ. ಅದು ಬಂಡೆ ಗುಡ್ಡಗಳ ಸೀಮೆಯ ಒಂದು ಹೋಬಳಿಯ ಊರು. ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವು ಇದೇ ತಾಲ್ಲೂಕಿನಲ್ಲಿದ್ದರೂ, ಆಳವಾದ ಕಣಿವೆಯಲ್ಲಿ ಹರಿಯುವ ನದಿಯಿಂದ ಮೇಲಿನ ಹೊಲಕ್ಕೆ ಪ್ರಯೋಜನವಿಲ್ಲ. ಇಂತಹ ನೆಲದಲ್ಲಿ ರಾಗಿ ಹುರುಳಿಗಳನ್ನು ಬೆಳೆಯುವ ಒಕ್ಕಲಿಗನು ಮೊದಲಿನಿಂದಲೂ ಆಕಾಶವನ್ನೇ ನಂಬಿದವನು.

ಆಕಾಶವು ಕೈಬಿಟ್ಟಾಗ ಅವನಿಗೆ ಆಸರೆಯಾದುದು ನೆರೆಹೊರೆ. ನಮ್ಮ ಹಳ್ಳಿಗಳಲ್ಲಿ ‘ಮುಯ್ಯಾಳು’ ಎಂಬ ಪದ್ಧತಿಯುಂಟು. ಇಂದು ನಾನು ನಿನ್ನ ಹೊಲಕ್ಕೆ ಬಂದು ದುಡಿದರೆ, ನಾಳೆ ನೀನು ನನ್ನ ಹೊಲಕ್ಕೆ ಬರತಕ್ಕದ್ದು. ಗೋಡೆ ಕುಸಿದರೂ, ಮಾಡು ಸೋರಿದರೂ, ಹುಲ್ಲು ಹೊದಿಸಬೇಕಾದರೂ ಇದೇ ನಿಯಮ. ಇದಕ್ಕೆ ಬರೆದಿಟ್ಟ ಲೆಕ್ಕವಿಲ್ಲ. ಆದರೂ ಮುಯ್ಯಿಯನ್ನು ತೀರಿಸದವನಿಗೆ ಊರಿನಲ್ಲಿ ಮರ್ಯಾದೆಯಿಲ್ಲ. ಸಂಘವೆಂಬ ಹೆಸರಿಲ್ಲದ ಸಂಘ ಇದು.

ಈ ಏರ್ಪಾಡಿನಲ್ಲಿ ಒಂದು ದೌರ್ಬಲ್ಯವೂ ಇದೆ. ಕಷ್ಟವು ಒಂದೊಂದೇ ಮನೆಗೆ ಬರುವವರೆಗೆ ಮುಯ್ಯಿಯು ನಡೆಯುವುದು. ಎಲ್ಲ ಮನೆಗೂ ಒಂದೇ ದಿನ ಬಂದರೆ, ಕೊಡುವವರಾರು, ಕೊಳ್ಳುವವರಾರು? ಈ ಪ್ರಶ್ನೆಯನ್ನು ಮೈಸೂರು ಸೀಮೆಯು ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಎದುರಿಸಬೇಕಾಯಿತು. ಸಂಸ್ಥಾನವು ಆಗ ಇಂಗ್ಲಿಷ್ ಕಮಿಷನರ ಆಡಳಿತದಲ್ಲಿದ್ದಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷ ಅರುವತ್ತೊಂಬತ್ತು ಸಾವಿರ ಜನರನ್ನು ಕಳೆದುಕೊಂಡಿತೆಂದರೆ, ಆ ಅನಾಹುತದ ಅಳತೆಯನ್ನು ಬೇರೆ ಹೇಳಬೇಕಾದುದಿಲ್ಲ.

ಸಂಸಾರವೊಂದು ಬೀದಿಗೆ ಬೀಳುವುದು ಒಂದೇ ದಿನದಲ್ಲಲ್ಲ. ಮೊದಲು ಬಿತ್ತನೆಯ ಕಾಳು ಒಲೆಗೆ ಹೋಗುವುದು. ಬಳಿಕ ಒಡವೆ, ತಾಮ್ರ ಹಿತ್ತಾಳೆಯ ಪಾತ್ರೆಗಳು ಸಾಹುಕಾರನ ಮನೆ ಸೇರುವುವು. ಮೇವಿಲ್ಲದೆ ಎತ್ತುಗಳು ಬಡವಾದಾಗ ಮಾಡಿನ ಹುಲ್ಲನ್ನೇ ಕಿತ್ತು ಅವುಗಳ ಮುಂದೆ ಹಾಕುವರು. ಎತ್ತು ಸತ್ತ ಮೇಲೆ ತೊಲೆ ಬಾಗಿಲುಗಳೂ ಮಾರಾಟವಾಗುವುವು. ಕೊನೆಗೆ ಉಳಿಯುವುದು ನಾಲ್ಕು ಮಣ್ಣಿನ ಗೋಡೆ ಮಾತ್ರ. ಆಗ ಯಜಮಾನನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಪೇಟೆಯ ದಾರಿ ಹಿಡಿಯುತ್ತಾನೆ.

ಆ ದಾರಿಯ ಕೊನೆಯಲ್ಲಿ ಸರ್ಕಾರದ ಗಂಜಿಕೇಂದ್ರಗಳಿದ್ದುವು, ಕ್ಷಾಮದ ಕಾಮಗಾರಿಗಳಿದ್ದುವು. ಬೆಂಗಳೂರಿನಿಂದ ಮೈಸೂರಿಗೆ ಇಂದು ನಾವು ಪ್ರಯಾಣ ಮಾಡುವ ರೈಲುದಾರಿಯ ಮಣ್ಣನ್ನು ಹೊತ್ತವರಲ್ಲಿ ಈ ನಿರಾಶ್ರಿತರೂ ಇದ್ದರು. ಅಲ್ಲಿ ಕೆಲವರ ಜೀವ ಉಳಿಯಿತು. ಆದರೆ ಗಂಜಿಗಾಗಿ ಊರು ಬಿಟ್ಟವನಿಗೆ ಮಳೆ ಬಂದ ಮೇಲೆ ಹಿಂದಿರುಗಲು ಮನೆಯಿಲ್ಲ, ಉಳಲು ಎತ್ತಿಲ್ಲ, ಬಿತ್ತಲು ಬೀಜವಿಲ್ಲ. ಜೀವ ಉಳಿಸುವುದು ಬೇರೆ, ಸಂಸಾರ ಉಳಿಸುವುದು ಬೇರೆ.

ಈ ಎರಡನೆಯ ಕೆಲಸವನ್ನು ಕೈಗೊಂಡುದು ಸಾರ್ವಜನಿಕರ ಧರ್ಮನಿಧಿ. 1877ನೆಯ ಆಗಸ್ಟ್ 4ರಂದು ಮದರಾಸಿನಲ್ಲಿ ಸಭೆ ಸೇರಿ, ಗವರ್ನರಾದ ಬಕಿಂಗ್‌ಹ್ಯಾಂ ಡ್ಯೂಕರ ಮೂಲಕ ಲಂಡನ್ ನಗರದ ಮೇಯರಿಗೆ ಬಿನ್ನಹ ಹೋಯಿತು. ಮೇಯರ ನಿವಾಸವಾದ ಮ್ಯಾನ್ಷನ್ ಹೌಸಿನ ಹೆಸರಿನಿಂದಲೇ ನಿಧಿಯು ಪ್ರಸಿದ್ಧವಾಯಿತು. ಆರೂವರೆ ಲಕ್ಷ ಪೌಂಡುಗಳಿಗೂ ಮೀರಿ ಹಣ ಕೂಡಿತು. ಧಾರಾಳವಾಗಿ ಕೊಟ್ಟವರಲ್ಲಿ ಲ್ಯಾಂಕಷೈರ್ ಪ್ರಾಂತದವರು ಪ್ರಮುಖರು. 1861ರಿಂದ 1865ರವರೆಗೆ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರದೆ ಅಲ್ಲಿಯ ಗಿರಣಿಗಳು ಮುಚ್ಚಿದಾಗ, ಭಾರತದಿಂದ ಅವರಿಗೆ ಸಹಾಯದ್ರವ್ಯ ಹೋಗಿದ್ದಿತು. ಅದನ್ನು ಅವರು ಮರೆಯಲಿಲ್ಲ. ಊರಿನೊಳಗೆ ಮುರಿದುಬಿದ್ದ ಮುಯ್ಯಿಯು ಸಮುದ್ರದಾಚೆಯಿಂದ ಹಿಂದಿರುಗಿತೆಂದರೆ ಅತಿಶಯೋಕ್ತಿಯಾಗಲಾರದು.

ವೈಸರಾಯ್ ಲಿಟನ್ ಪ್ರಭುವಿನ ಸರ್ಕಾರಕ್ಕೆ ಈ ಚಂದಾ ಮೊದಲು ರುಚಿಸಲಿಲ್ಲ. ತಮ್ಮ ಕಾರ್ಯಕ್ಕೆ ಅಡ್ಡಿಯಾದೀತೆಂದು ಅವರು ಭಾವಿಸಿದರು. ಕೊನೆಗೆ ಒಂದು ವಿಭಾಗಕ್ರಮ ಏರ್ಪಟ್ಟಿತು: ಪ್ರಾಣರಕ್ಷಣೆಯು ಸರ್ಕಾರದ ಹೊಣೆ, ಅನಾಥ ಮಕ್ಕಳ ಪೋಷಣೆ, ಬೇಡಲು ನಾಚುವ ಮರ್ಯಾದಸ್ಥರ ಸಹಾಯ, ಸರ್ವಸ್ವವನ್ನೂ ಕಳೆದುಕೊಂಡ ರೈತರನ್ನು ಮೊದಲಿನ ಸ್ಥಿತಿಗೆ ತರುವುದು, ಇವು ನಿಧಿಯ ಹೊಣೆ. ಮದರಾಸಿನ ಕಾರ್ಯಸಮಿತಿಗೆ ಗೌರವ ಕಾರ್ಯದರ್ಶಿಯಾಗಿದ್ದವರು ಪತ್ರಿಕಾ ಸಂಪಾದಕ ವಿಲಿಯಂ ಡಿಗ್ಬಿಯವರು. ಮೈಸೂರು ಸೀಮೆಗೂ ಈ ಹಣದ ಪಾಲು ಬಂದಿತು. ಸ್ಥಳೀಯ ಸಮಿತಿಗಳು ಬೀಜಕ್ಕೆ, ಎತ್ತಿಗೆ, ಮನೆಯ ದುರಸ್ತಿಗೆ ಸಣ್ಣ ಮೊತ್ತಗಳನ್ನು ಕೊಟ್ಟುವು. ಅದು ಸಾಲವಲ್ಲ, ಕೂಲಿಯಲ್ಲ. ಮತ್ತೆ ಸ್ವಂತ ಕಾಲ ಮೇಲೆ ನಿಲ್ಲುವುದಕ್ಕೆ ಒಂದು ಊರುಗೋಲು.

ಇದನ್ನು ಹೊಗಳುವಾಗ ಸತ್ಯವನ್ನು ಮರೆಮಾಚಬಾರದು. ನಿಧಿಯು ಹುಟ್ಟಿದುದು 1877ರ ಆಗಸ್ಟಿನಲ್ಲಿ. ಮಳೆ ಕೈಕೊಟ್ಟುದು ಅದರ ಹಿಂದಿನ ವರ್ಷವೇ. ಹಣ ಹಳ್ಳಿಗಳನ್ನು ಮುಟ್ಟುವ ವೇಳೆಗೆ ಎಷ್ಟೋ ಮನೆಗಳ ದೀಪ ಆರಿಹೋಗಿದ್ದಿತು. ಧರ್ಮದ ದ್ರವ್ಯವು ಆಡಳಿತದ ವಿಳಂಬವನ್ನು ತೊಳೆಯಲಾರದು. 1881ರಲ್ಲಿ ರಾಜ್ಯವು ಒಡೆಯರ ಕೈಗೆ ಹಿಂದಿರುಗಿದಾಗ, ಕ್ಷಾಮದ ಸಾಲವಾಗಿ 80 ಲಕ್ಷ ರೂಪಾಯಿಗಳ ಹೊರೆಯೂ ಜತೆಯಲ್ಲಿಯೇ ಬಂದಿತು.

ಆದರೂ ಕಲಿತ ಪಾಠವು ವ್ಯರ್ಥವಾಗಲಿಲ್ಲ. 1880ರ ಕ್ಷಾಮ ಆಯೋಗವು ದುಡಿಯಲಾರದವರಿಗೆ ಅವರವರ ಹಳ್ಳಿಯಲ್ಲಿಯೇ ನೆರವು ಮುಟ್ಟಬೇಕೆಂದು ಹೇಳಿತು. 1897ರ ಬರದ ನಿಧಿಯೂ ಸರ್ವಸ್ವ ಕಳೆದುಕೊಂಡವರ ಪುನಃಸ್ಥಾಪನೆಯನ್ನು ತನ್ನ ಉದ್ದೇಶಗಳಲ್ಲಿ ಸೇರಿಸಿಕೊಂಡಿತು. ಮೈಸೂರಿನಲ್ಲಿ 1905ರಲ್ಲಿ ಸಹಕಾರ ಸಂಘಗಳ ಕಾನೂನು ಬಂದಿತು. 1909ರಲ್ಲಿ ಬೆಂಗಳೂರಿನಲ್ಲಿ ಗೃಹನಿರ್ಮಾಣಕ್ಕಾಗಿಯೇ ಒಂದು ಸಹಕಾರ ಸಂಘವು ಹುಟ್ಟಿತು. ಹಳೆಯ ಮುಯ್ಯಿಯೇ ಲೆಕ್ಕಪುಸ್ತಕವನ್ನು ಹಿಡಿದು ಹೊಸ ವೇಷದಲ್ಲಿ ಬಂದಿತೆನ್ನಬಹುದು.

ಇಂದು ಕ್ಷಾಮದ ರೂಪ ಬೇರೆಯಾಗಿದೆ. ಬಾಡಿಗೆ ಬಾಕಿ, ಆಸ್ಪತ್ರೆಯ ಖರ್ಚು, ಕೆಲಸ ತಪ್ಪಿದ ಒಂದು ತಿಂಗಳು, ಇಷ್ಟೇ ಸಾಕು, ಸಂಸಾರವೊಂದು ಹೊಸ್ತಿಲು ದಾಟಿ ಹೊರಗೆ ನಿಲ್ಲುವುದಕ್ಕೆ. ನಾಲ್ಕು ಮಂದಿ ನೆರೆಯವರು ಕೂಡಿ ಆ ಒಂದು ತಿಂಗಳನ್ನು ದಾಟಿಸಿದರೆ, ಮುಂದೆ ಅದೇ ಮನೆಯವರು ಮತ್ತೊಬ್ಬರ ಕೈ ಹಿಡಿಯುವರು. ಮಾಡಿನ ಹುಲ್ಲನ್ನು ಎತ್ತಿನ ಮುಂದೆ ಹಾಕುವ ದಿನವೇ ನೆರೆಯವನು ಹೋಗಿ ಬಾಗಿಲು ತಟ್ಟಬೇಕಾದ ದಿನ. ತೊಲೆ ಮಾರಿದ ಮೇಲೆ ತಟ್ಟುವುದಕ್ಕೆ ಅಲ್ಲಿ ಬಾಗಿಲೇ ಇರುವುದಿಲ್ಲ.