ಹಳೇ ರಿಮ್ಮು, ದೊಡ್ಡ ಟೈರು

ದೆಹಲಿಗೆ ಬಂದು ಎಷ್ಟು ವರ್ಷವಾದರೂ ಮಲೆನಾಡಿನವನ ಕಣ್ಣು ಜೀಪು ಕಂಡಲ್ಲಿ ನಿಂತುಬಿಡುತ್ತದೆ. ಸಕಲೇಶಪುರದ ಕಡೆಯವನಾದ ನನ್ನದೂ ಅದೇ ಪಾಡು. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘಕ್ಕೆ ನಾಟಕ ನೋಡಲು ಹೋದರೂ ಹೊರಗೆ ನಿಂತ ಗಾಡಿಗಳ ಚಕ್ರ ನೋಡಿಯೇ ಒಳಗೆ ಹೋಗುವವನು ನಾನು. ಹಾಗಾಗಿ ಗುರುಗ್ರಾಮದಲ್ಲಿರುವ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ಕೊಂಡಾಗ ಮೊದಲ ಫೋನು ನನಗೇ ಬಂತು.

ಹಿಂದಿನ ಮಾಲೀಕ ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದ. ಮುಂದೆ ಸ್ಪ್ರಿಂಗಿನ ಮೇಲೊಂದು ಬಿಲ್ಲೆ, ಹಿಂದೆ ಕಮಾನು ಪಟ್ಟಿಗೆ ಒಂದು ಬ್ಲಾಕು. ಚಕ್ರ ಮಾತ್ರ ಕಂಪನಿಯಿಂದ ಬಂದದ್ದೇ. "ಕೋಳಿ ಕಾಲಿನ ಹಾಗೆ ಕಾಣುತ್ತೆ ಮಾವ. ರಿಮ್ಮು ಇದೇ ಇರಲಿ, ದುಡ್ಡು ಉಳಿಯುತ್ತೆ. ಟೈರು ಮಾತ್ರ ದೊಡ್ಡದು ಹಾಕಿಸೋಣ. ದೀಪಾವಳಿಗೆ ಅಮ್ಮನ್ನ ಇದರಲ್ಲೇ ಊರಿಗೆ ಕರಕೊಂಡು ಹೋಗಬೇಕು" ಅಂದ. ದೆಹಲಿಯಿಂದ ಊರಿಗೆ ಎರಡು ಸಾವಿರ ಕಿಲೋಮೀಟರಿಗೂ ಮೇಲೆ. ಅಕ್ಕನಿಗೆ ಎಪ್ಪತ್ತು ದಾಟಿದೆ. ಮಾತು ಬರೀ ಅಂದದ್ದಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ನಮ್ಮ ಕಡೆ ಜೀಪು ಬಂದದ್ದೇ ಯುದ್ಧದ ಬೆನ್ನ ಮೇಲೆ. 1941ರಿಂದ 1945ರ ತನಕ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿ ಹಾಕಿದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದವು ಹರಾಜಿಗೆ ಬಂದವು. 1940ರ ದಶಕದ ಕೊನೆಗೆ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿದರು. ಕಾಫಿ ತೋಟದ ದಾರಿಗೆ ಅದಕ್ಕಿಂತ ಒಳ್ಳೆ ಗಾಡಿ ಇರಲಿಲ್ಲ.

ಆ ಜೀಪಿನ ಟೈರು 6.00-16. ಅಂದರೆ ಅಗಲ ಸುಮಾರು ಆರಿಂಚು, ರಿಮ್ಮಿನ ವ್ಯಾಸ ಹದಿನಾರಿಂಚು. ಆ ಕಾಲದ ಟೈರಿಗೆ ಗೋಡೆಯ ಎತ್ತರವೂ ಹೆಚ್ಚುಕಡಿಮೆ ಅಗಲದಷ್ಟೇ. ಹಾಗಾಗಿ ಒಟ್ಟು ಎತ್ತರ 28 ಇಂಚಿನ ಆಸುಪಾಸು. ಈಗಿನ ಹುಡುಗರ ಕಣ್ಣಿಗೆ ಅದು ಸೈಕಲ್ ಚಕ್ರ. ಆದರೆ ಆ ಸಪೂರ ಟೈರು ಆಷಾಢದ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕುತ್ತಿತ್ತು. ಅದೂ ಸಾಲದಾದರೆ ಅಪ್ಪ ಚೈನು ಕಟ್ಟಿಸುತ್ತಿದ್ದರು. ಅಗಲದ ಟೈರು ಬೇಕಾಗುವುದು ಮರಳಿನ ಸೀಮೆಗೆ. ಗಾಳಿ ಇಳಿಸಿದರೆ ಅದು ಮರಳ ಮೇಲೆ ತೇಲಿಕೊಂಡು ಹೋಗುತ್ತದೆ. ಅಂದರೆ ಟೈರಿಗೂ ಒಂದು ಊರು ಅಂತ ಇರುತ್ತದೆ ನೋಡಿ.

ಗಾಡಿ ತಿದ್ದುವ ವಿದ್ಯೆ ದೆಹಲಿಗೂ ಯುದ್ಧದಿಂದಲೇ ಬಂದದ್ದು. ಹಳೇ ದೆಹಲಿಯಿಂದ ಕನಾಟ್ ಪ್ಲೇಸಿಗೆ ಜನ ತುಂಬಿಕೊಂಡು ಓಡುತ್ತಿದ್ದ ಫಟ್‌ಫಟಿಗಳ ಕಥೆ ಹಳಬರಿಗೆ ಗೊತ್ತು. ಸೇನೆ ಬಿಟ್ಟುಹೋದ ಹಾರ್ಲೆ ಡೇವಿಡ್‌ಸನ್ ಬೈಕಿನ ಹಿಂದಿನ ಭಾಗ ಕತ್ತರಿಸಿ, ಅಲ್ಲಿಗೆ ಎರಡು ಚಕ್ರದ ತೊಟ್ಟಿಲು ಜೋಡಿಸಿ ಮಾಡಿದ ಸವಾರಿ ಅದು. ಹೊಗೆಯ ಕಾರಣಕ್ಕೆ 1998ರ ಸುಮಾರಿಗೆ ನಿಂತುಹೋಯಿತು. 1947ರಲ್ಲಿ ಪಶ್ಚಿಮ ಪಂಜಾಬಿನಲ್ಲಿ ಎಲ್ಲ ಬಿಟ್ಟು ಬಂದವರು ಈ ಊರಲ್ಲಿ ಎಷ್ಟೋ ಕಸುಬು ಹಿಡಿದರು. ಕಾಶ್ಮೀರಿ ಗೇಟಿನ ಮೋಟಾರು ಬಿಡಿಭಾಗದ ಅಂಗಡಿಸಾಲೂ ಅದರಲ್ಲೊಂದು. ಊರು ಬಿಟ್ಟವರ ಕೈಯಲ್ಲೇ ಈ ವಿದ್ಯೆ ಬೆಳೆಯಿತು. ಇದ್ದದ್ದರಲ್ಲೇ ಹೊಂದಿಸಿಕೊಳ್ಳುವುದು ಅವರಿಗೆ ಬದುಕೇ ಕಲಿಸಿದ ಪಾಠ.

ಅಂಥವರ ಮನೆಯ ಹಿರಿಯ ಸರ್ದಾರ್ಜಿ ಒಬ್ಬರು ನನಗೆ ಪರಿಚಯ. ಅಕ್ಕನ ಮಗನನ್ನು ಅವರ ಟೈರಿನ ಅಂಗಡಿಗೆ ಕರೆದುಕೊಂಡು ಹೋದೆ. ಅವನಿಗೆ ಬೇಕಾಗಿದ್ದದ್ದು 285/75 ಆರ್ 16. ಸರ್ದಾರ್ಜಿ ಬಗ್ಗಿ ರಿಮ್ಮಿನ ಮೇಲೆ ಕೊರೆದದ್ದನ್ನು ತೋರಿಸಿದರು: ಅಗಲ ಏಳೇ ಇಂಚು. 285ರ ಟೈರಿಗೆ ಕಡಿಮೆ ಅಂದರೂ ಏಳೂವರೆ ಇಂಚಿನ ರಿಮ್ಮು ಬೇಕು. ಕಿರಿದಾದ ರಿಮ್ಮಿಗೆ ಅಗಲದ ಟೈರು ಹತ್ತಿಸಿದರೆ ಹತ್ತುತ್ತದೆ, ಸುಳ್ಳಲ್ಲ. ಆದರೆ ಎರಡೂ ಅಂಚು ಹಿಂಡಿದಂತಾಗಿ ನಡುಭಾಗ ಉಬ್ಬುತ್ತದೆ. ನೆಲಕ್ಕೆ ತಾಗುವುದು ನಡುವೆ ಮಾತ್ರ, ಸವೆಯುವುದೂ ಅಲ್ಲೇ. ತಿರುವಿನಲ್ಲಿ ಗೋಡೆ ಒನೆದಾಡುತ್ತದೆ.

ಆಮೇಲೆ ಪೆನ್ನು ತೆಗೆದು ಡಬ್ಬದ ರಟ್ಟಿನ ಮೇಲೆ ಲೆಕ್ಕ ಬರೆದರು. ಗಾಡಿಯಲ್ಲಿದ್ದದ್ದು 245/70 ಆರ್ 16. ಮೊದಲಿನದು ಮಿಲಿಮೀಟರಿನಲ್ಲಿ ಅಗಲ. ಗೋಡೆಯ ಎತ್ತರ ಅದರ ಶೇಕಡಾ 70. ಎರಡು ಗೋಡೆ, ನಡುವೆ 16 ಇಂಚು, ಒಟ್ಟು 749 ಮಿಲಿಮೀಟರು. ಇವನು ಕೇಳಿದ ಟೈರು 834. ಚಕ್ರ ಶೇಕಡಾ 11ರಷ್ಟು ದೊಡ್ಡದಾಯಿತು. ಮೀಟರು ಮೊದಲು ಸರಿಯಾಗಿತ್ತು ಅಂತಿಟ್ಟುಕೊಂಡರೆ, ಇನ್ನು ಅದು ನೂರು ತೋರಿಸುವಾಗ ಗಾಡಿ ನೂರಾ ಹನ್ನೊಂದರಲ್ಲಿ ಓಡುತ್ತಿರುತ್ತದೆ. ಗೇರು ಭಾರವಾಗುತ್ತದೆ, ಬ್ರೇಕಿಗೂ ಹೆಚ್ಚು ತ್ರಾಸ.

"ಗಾಡಿ ಎತ್ತರ ಆಗಿದೆಯಲ್ಲ, ಜಾಗ ಇದೆಯಲ್ಲ?" ಅಂದ ನಮ್ಮ ಹುಡುಗ. ಎಲ್ಲರೂ ಎಡವುವುದು ಅಲ್ಲೇ. ಎತ್ತರಿಸಿದ್ದರಿಂದ ಮೇಲೇರಿದ್ದು ಗಾಡಿಯ ಮೈ. ಹಿಂದಿನ ಆಕ್ಸಲ್ಲಿನ ಗುಂಡು, ಕಲ್ಲಿಗೆ ಮೊದಲು ಬಡಿಯುವ ಡಿಫರೆನ್ಷಿಯಲ್ಲು, ಅದಿದ್ದಲ್ಲೇ ಇದೆ. ಅದನ್ನು ಎತ್ತುವುದು ಟೈರು ಮಾತ್ರ. ಇನ್ನು ಜಾಗದ ಮಾತು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮುಂದೆ ಬಂಪರಿಗೂ ಹಿಂದೆ ಮಡ್‌ಫ್ಲಾಪಿಗೂ ತಾಗಬಹುದು. ಹಳೇ ರಿಮ್ಮೇ ಇದ್ದರೆ ಹೆಚ್ಚಿದ ಅಗಲದಲ್ಲಿ ಅರ್ಧ ಒಳಗೆ, ಸಸ್ಪೆನ್ಷನ್ ತೋಳಿನ ಕಡೆಗೇ ಸರಿಯುತ್ತದೆ. ಹಳ್ಳಕ್ಕೆ ಬಿದ್ದು ಸ್ಪ್ರಿಂಗು ಒತ್ತಿದಾಗ ಚಕ್ರ ಮೇಲೆ ಬರುತ್ತದೆ. ನಿಂತ ಗಾಡಿಯಲ್ಲಿ ಕಂಡ ಜಾಗ ಓಡುವ ಗಾಡಿಯಲ್ಲಿ ಇರುವುದಿಲ್ಲ.

ಕೊನೆಗೆ ಅವರು ಉರುಳಿಸಿ ತಂದದ್ದು 265/70 ಆರ್ 16. ಅದು ಏಳಿಂಚಿನ ರಿಮ್ಮಿಗೆ ಕೂರುವ ಅಳತೆ. ಎತ್ತರ 777 ಮಿಲಿಮೀಟರು. ನೆಲದಿಂದ ಸಿಗುವ ಲಾಭ ಬರೀ 14. ಒಂದನ್ನು ಮುಂದೆ ಹಾಕಿ, ಒಂದು ಬದಿಯನ್ನು ಇಳಿಜಾರು ಹಲಗೆಯ ಮೇಲೆ ಹತ್ತಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿದರು. ಎಲ್ಲೂ ಉಜ್ಜಲಿಲ್ಲ. ಹುಡುಗನ ಮುಖ ಮಾತ್ರ ಸಪ್ಪಗಾಯಿತು.

ಆಗ ನಾನು ಬಾಯಿ ಬಿಟ್ಟೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಇನ್ನೊಂದು, ಇದು ಡೀಸೆಲ್ ಗಾಡಿ. ದೆಹಲಿ ಮತ್ತು ಸುತ್ತಲ ರಾಜಧಾನಿ ವಲಯದಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2025ರಲ್ಲಿ ಸಡಿಲಿಕೆಯ ಆದೇಶಗಳೂ ಬಂದವು. ಆದರೆ ಅದನ್ನು ನಂಬಿ ಕೂರುವುದು ಹೇಗೆ? ಒಂದಲ್ಲ ಒಂದು ದಿನ ನಿರಾಕ್ಷೇಪಣಾ ಪತ್ರ ತಗೊಂಡು ಗಾಡಿಯನ್ನು ಊರಿಗೇ ಸಾಗಿಸಬೇಕು. ಅಲ್ಲಿ ಮತ್ತೆ ನೋಂದಣಿಗೆ ನಿಲ್ಲಿಸಿದಾಗ ಆರ್‌ಟಿಒ ಆಫೀಸಿನವರು ಏನು ನೋಡುತ್ತಾರೆ? "ಎತ್ತರಿಸಿದ್ದನ್ನೂ ಇಳಿಸಿಬಿಡು ಕಣೋ" ಅಂದೆ.

ಅವನು ಬಹಳ ಹೊತ್ತು ಸುಮ್ಮನಿದ್ದು, "ಹಳೇ ಅಳತೆಯದೇ ಹೊಸ ಟೈರು ಹಾಕಿಬಿಡಿ" ಅಂದ. ಸರ್ದಾರ್ಜಿ ದೊಡ್ಡ ಟೈರು ಒಳಕ್ಕೆ ಉರುಳಿಸಿ, ಬಿಲ್ಲೆ ಬಿಚ್ಚುವುದಕ್ಕೆ ಹುಡುಗರನ್ನು ಕೂಗಿದರು. ಎರಡು ಸಾವಿರ ಕಿಲೋಮೀಟರಿನ ಕಥೆ ಕೇಳಿದ ಮೇಲೆ ಬಿಚ್ಚಿದ ಕೂಲಿ ಬೇಡ ಅಂದರು. ಅವರಿಗೆ ಹೋಗಿಬರಲು ಅಂಥ ಊರೇ ಉಳಿದಿಲ್ಲ.

ದೀಪಾವಳಿಗೆ ಗಾಡಿ ಊರು ಮುಟ್ಟಿತು. ಫೋನಿನಲ್ಲಿ ಅಕ್ಕ ಹೇಳಿದ್ದು ಇಷ್ಟೇ: "ಹತ್ತಿ ಇಳಿಯೋಕೆ ಏನೂ ಕಷ್ಟ ಆಗಲಿಲ್ಲ ಕಣೋ. ನಮ್ಮ ಅಪ್ಪನ ಜೀಪಿನಷ್ಟೇ ಎತ್ತರ ಇದೆ."