ಮನೆಯಲ್ಲಿ ಚಿಪ್ಪು ಅಣಬೆ ಬೇಸಾಯ

ಚಿಪ್ಪು ಅಣಬೆ ಬೇಸಾಯವು ಭತ್ತ, ರಾಗಿ ಮುಂತಾದ ಬೆಳೆಗಳ ಒಣಹುಲ್ಲಿನ ಮೇಲೆ ಪ್ಲೂರೋಟಸ್ ಕುಲದ ಖಾದ್ಯ ಶಿಲೀಂಧ್ರಗಳನ್ನು ಬೆಳೆಯುವ ಕ್ರಮವಾಗಿದೆ. ಪೇಟೆಯಲ್ಲಿ ಹೆಚ್ಚಾಗಿ ಕಾಣುವ ಬಿಳಿ ಗುಂಡಿ ಅಣಬೆಗೆ ಬೇಕಾಗುವ ಕೊಳೆತ ಗೊಬ್ಬರ, ಹೊದಿಕೆ ಮಣ್ಣು ಮತ್ತು ಶೀತಲ ಕೋಣೆ ಇದಕ್ಕೆ ಅಗತ್ಯವಿಲ್ಲ. ಹೀಗಾಗಿ ಹೊಸಬರು ಮೊದಲು ಕೈಹಾಕುವ ಅಣಬೆ ಸಾಮಾನ್ಯವಾಗಿ ಇದೇ ಆಗಿರುತ್ತದೆ. ಬೀಜ ಬಿತ್ತಿದ ಸುಮಾರು 25 ದಿನಗಳಲ್ಲಿ ಮೊದಲ ಕೊಯ್ಲು ದೊರೆಯುತ್ತದೆ. ತುಮಕೂರು ಜಿಲ್ಲೆಯ ಹೊಳವನಹಳ್ಳಿಯಂತಹ ಬಯಲುಸೀಮೆಯ ಊರುಗಳಲ್ಲಿ ಇದಕ್ಕೆ ಬೇಕಾದ ಹುಲ್ಲು ಮನೆಯಂಗಳದಲ್ಲಿಯೇ ಇದೆ. ಆದರೆ ಅಲ್ಲಿನ ಒಣಹವೆ ಮತ್ತು ಬೇಸಿಗೆಯ ತಾಪ ಅಣಬೆಗೆ ಒಗ್ಗುವಂಥವಲ್ಲ.

ಹೆಸರು ಮತ್ತು ಜೀವನಕ್ರಮ

ಅಣಬೆಯ ಕೊಡೆಯು ಕಡಲ ಚಿಪ್ಪಿನ ಆಕಾರದಲ್ಲಿದ್ದು, ಕಾಂಡವು ನಡುವಿಗೆ ಬದಲಾಗಿ ಒಂದು ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಕನ್ನಡದ ಹೆಸರು ಈ ಆಕಾರದಿಂದ ಬಂದದ್ದು. ಲ್ಯಾಟಿನ್ನಿನ 'ಆಸ್ಟ್ರಿಯೇಟಸ್' ಎಂಬ ಪದಕ್ಕೂ ಇದೇ ಅರ್ಥವಿದೆ. ಈ ಪ್ರಭೇದವನ್ನು ನಿಕೋಲಸ್ ಜಾಕ್ವಿನ್ 1775ರಲ್ಲಿ ವಿವರಿಸಿದನು. 1871ರಲ್ಲಿ ಪಾಲ್ ಕುಮ್ಮರ್ ಅದನ್ನು ಪ್ಲೂರೋಟಸ್ ಕುಲಕ್ಕೆ ಸೇರಿಸಿದನು.

ಕಾಡಿನಲ್ಲಿ ಇದು ಸತ್ತ ಮರದ ಮೇಲೆ ಬೆಳೆಯುತ್ತದೆ. ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯಬಲ್ಲ ಜೀವಿಗಳು ಕಡಿಮೆ. ಚಿಪ್ಪು ಅಣಬೆ ಅವುಗಳಲ್ಲಿ ಒಂದು. ಹುಲ್ಲು, ಜೋಳದ ದಂಟು, ಮೆಕ್ಕೆಜೋಳದ ಬೆಂಡು, ಅಡಿಕೆ ಹಾಳೆ ಮುಂತಾದ ನಾರುಳ್ಳ ಕೃಷಿತ್ಯಾಜ್ಯಗಳ ಮೇಲೆ ಇದು ಬೆಳೆಯಲು ಈ ಸಾಮರ್ಥ್ಯವೇ ಕಾರಣ. ನಾವು ತಿನ್ನುವ ಭಾಗವು ಶಿಲೀಂಧ್ರದ ಫಲ ಮಾತ್ರ. ಅದರ ದೇಹವು ಹುಲ್ಲಿನೊಳಗೆ ಹರಡಿರುವ ಬಿಳಿ ಎಳೆಗಳ ಜಾಲವಾಗಿದ್ದು, ಅದನ್ನು ಕವಕಜಾಲ ಎನ್ನುತ್ತಾರೆ. ಸಾರಜನಕದ ಕೊರತೆಯನ್ನು ನೀಗಿಸಿಕೊಳ್ಳಲು ಈ ಎಳೆಗಳು ಸೂಕ್ಷ್ಮ ಜಂತುಹುಳುಗಳನ್ನು ನಿಶ್ಚೇಷ್ಟಗೊಳಿಸಿ ಜೀರ್ಣಿಸಿಕೊಳ್ಳುತ್ತವೆ ಎಂಬುದು ಈ ಕುಲದ ವಿಚಿತ್ರ ಸಂಗತಿಗಳಲ್ಲೊಂದು.

ಇತಿಹಾಸ

ಚಿಪ್ಪು ಅಣಬೆಯನ್ನು ಮೊದಲು ಪ್ರಯೋಗವಾಗಿ ಬೆಳೆದದ್ದು ಜರ್ಮನಿಯಲ್ಲಿ, ಒಂದನೆಯ ಮಹಾಯುದ್ಧದ ಕಾಲದಲ್ಲಿ. ಆಗ ಮರದ ಬುಡ ಮತ್ತು ದಿಮ್ಮಿಗಳನ್ನು ಬಳಸಲಾಗುತ್ತಿತ್ತು. ಹುಲ್ಲಿನ ಮೇಲೆ ಬೆಳೆಯುವ ಕ್ರಮಕ್ಕೆ ಕರ್ನಾಟಕದ ಕೊಡುಗೆ ದೊಡ್ಡದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಜಕಿಯಾ ಬಾನೊ ಮತ್ತು ಎಚ್. ಸಿ. ಶ್ರೀವಾಸ್ತವ ಅವರು ಭತ್ತದ ಹುಲ್ಲಿನ ಮೇಲೆ ಪ್ಲೂರೋಟಸ್ ಬೆಳೆಯುವ ವಿಧಾನದ ಅಧ್ಯಯನವನ್ನು 1962ರಲ್ಲಿ ಪ್ರಕಟಿಸಿದರು. 1974ರಲ್ಲಿ ಜಾಂಡಾಯ್ಕ್ ಮತ್ತು ಕಪೂರ್ ಅವರು ಬೂದು ಬಣ್ಣದ ಸಾಜೋರ್-ಕಾಜು ಅಣಬೆಯನ್ನು ಹುಲ್ಲು, ಬಾಳೆದಿಂಡು ಮುಂತಾದವುಗಳ ಮೇಲೆ ಬೆಳೆದು ತೋರಿಸಿದರು. ಭಾರತದಲ್ಲಿ ಇಂದು ಮನೆಮನೆಗಳಲ್ಲಿ ಹುಲ್ಲುಚೀಲ ತೂಗುಹಾಕಿ ಬೆಳೆಯುವ ಪದ್ಧತಿಯ ಮೂಲ ಈ ಪ್ರಯೋಗಗಳಲ್ಲಿದೆ.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ತೆಂಗಿನ ಗರಿಯ ದಿಂಡು, ಗೊನೆಯ ತ್ಯಾಜ್ಯ ಮತ್ತು ಅಡಿಕೆ ಹಾಳೆಗಳ ಮೇಲೆ ಈ ಅಣಬೆಯನ್ನು ಬೆಳೆಯುವ ಕ್ರಮವನ್ನು ರೂಪಿಸಿದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಣಬೆ ಬೀಜದ ಉತ್ಪಾದನೆ ಮತ್ತು ತರಬೇತಿಯನ್ನು ನಡೆಸುತ್ತದೆ. ಇದೇ ಸಂಸ್ಥೆಯ ಆಶ್ರಯದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವೊಂದು ತುಮಕೂರು ಸಮೀಪದ ಹಿರೇಹಳ್ಳಿಯಲ್ಲಿದೆ.

ಹೊಳವನಹಳ್ಳಿ ಪ್ರದೇಶದ ಸ್ಥಿತಿ

ಹೊಳವನಹಳ್ಳಿಯು ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳು ಜಿಲ್ಲೆಯ ಉತ್ತರ ಭಾಗದಲ್ಲಿವೆ; ಉತ್ತರಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಜಯಮಂಗಲಿ ನದಿಯ ಬಯಲಿನಲ್ಲಿ ಮತ್ತು ಕೆರೆಗಳ ಕೆಳಗೆ ಭತ್ತ, ಅಡಿಕೆ, ತೆಂಗು ಇದ್ದರೆ, ಮೇಲಿನ ಹೊಲಗಳಲ್ಲಿ ರಾಗಿ, ಮೆಕ್ಕೆಜೋಳ ಮತ್ತು ಕಡಲೆಕಾಯಿ ಮುಖ್ಯ ಬೆಳೆಗಳು.

ಇಲ್ಲಿ ಒಂದು ಪ್ರಶ್ನೆಯನ್ನು ಬದಿಗಿಡಲಾಗದು. ಒಣಹುಲ್ಲು 'ತ್ಯಾಜ್ಯ' ಎಂಬ ಮಾತು ಪುಸ್ತಕಗಳಲ್ಲಿ ಪದೇಪದೇ ಬರುತ್ತದೆಯಾದರೂ ಬಯಲುಸೀಮೆಯಲ್ಲಿ ರಾಗಿ ಹುಲ್ಲು ತ್ಯಾಜ್ಯವಲ್ಲ, ದನಗಳ ವರ್ಷವಿಡೀ ಮೇವು. ಮಳೆ ಕೈಕೊಟ್ಟ ವರ್ಷದಲ್ಲಿ ಬಣವೆಯ ಒಂದೊಂದು ಹೊರೆಗೂ ಬೆಲೆಯಿದೆ. ಎರಡು-ಮೂರು ಚೀಲಗಳ ಮನೆಬಳಕೆಯ ಬೇಸಾಯಕ್ಕೆ ಕೆಲವೇ ಕಿಲೋ ಹುಲ್ಲು ಸಾಕಾದ್ದರಿಂದ ತೊಂದರೆಯಿಲ್ಲ. ದೊಡ್ಡ ಪ್ರಮಾಣದಲ್ಲಿ ಮಾಡುವವರು ದನ ಹೆಚ್ಚು ತಿನ್ನದ ಮೆಕ್ಕೆಜೋಳದ ಬೆಂಡು, ಅಡಿಕೆ ಹಾಳೆ, ತೆಂಗಿನ ಗರಿಯ ದಿಂಡುಗಳನ್ನು ಪರಿಗಣಿಸುವುದು ಹೆಚ್ಚು ಯುಕ್ತ.

ಚಿಪ್ಪು ಅಣಬೆಗೆ 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಫಲ ಬರುವ ಕಾಲದಲ್ಲಿ ಶೇಕಡಾ 80ಕ್ಕಿಂತ ಹೆಚ್ಚಿನ ಗಾಳಿಯ ತೇವ ಬೇಕು. ಈ ತಾಲ್ಲೂಕುಗಳಲ್ಲಿ ಮುಂಗಾರಿನಿಂದ ಚಳಿಗಾಲದ ಕೊನೆಯವರೆಗಿನ ಅವಧಿ ಅನುಕೂಲಕರ. ಮಾರ್ಚ್‌ನಿಂದ ಮೇವರೆಗೆ ಹಗಲಿನ ತಾಪ ಬಹಳ ಏರುವುದರಿಂದ ಹೊಸಬರು ಆ ತಿಂಗಳುಗಳಲ್ಲಿ ಆರಂಭಿಸದಿರುವುದೇ ಲೇಸು. ತಗಡಿನ ಸೂರಿನ ಕೊಠಡಿಗಿಂತ ಹೆಂಚಿನ ಅಥವಾ ಮಣ್ಣಿನ ಮಾಳಿಗೆಯ ತಂಪು ಕೋಣೆ ಉತ್ತಮ.

ತಳಿಗಳು

ಬಿಳಿ ಬಣ್ಣದ ಫ್ಲೋರಿಡಾ ಮತ್ತು ಬೂದು ಬಣ್ಣದ ಸಾಜೋರ್-ಕಾಜು ಹೆಚ್ಚು ಪ್ರಚಲಿತವಾಗಿವೆ. ಫ್ಲೋರಿಡಾ ತುಸು ತಂಪನ್ನು ಬಯಸುತ್ತದೆ. ಸಾಜೋರ್-ಕಾಜು ಹೆಚ್ಚು ಸೆಕೆಯನ್ನು ತಾಳುತ್ತದೆ. ವ್ಯಾಪಾರದಲ್ಲಿ ಈ ಹೆಸರಿನಿಂದ ಕರೆಯುವ ಅಣಬೆಯು ವಾಸ್ತವದಲ್ಲಿ ಪ್ಲೂರೋಟಸ್ ಪಲ್ಮೊನೇರಿಯಸ್ ಎಂಬುದು ವರ್ಗೀಕರಣ ತಜ್ಞರ ಅಭಿಪ್ರಾಯ. ನಸುಗೆಂಪು ಬಣ್ಣದ ತಳಿಯು ಬೆಚ್ಚನೆಯ ಹವೆಯಲ್ಲಿ ಬೇಗ ಬೆಳೆಯುತ್ತದೆ, ಆದರೆ ಕೊಯ್ದ ಮೇಲೆ ಬೇಗ ಕೆಡುತ್ತದೆ.

ಅಣಬೆ ಬೀಜ

'ಬೀಜ' ಎಂದು ರೂಢಿಯಲ್ಲಿ ಕರೆಯುವ ವಸ್ತುವು ನಿಜವಾದ ಬೀಜವಲ್ಲ. ಬೇಯಿಸಿ ಕ್ರಿಮಿಶುದ್ಧಗೊಳಿಸಿದ ಜೋಳ ಅಥವಾ ಗೋಧಿ ಕಾಳಿನ ಮೇಲೆ ಶುದ್ಧ ಕವಕಜಾಲವನ್ನು ಬೆಳೆಸಿದ್ದೇ ಅಣಬೆ ಬೀಜ. ಕಾಳಿನ ಮೇಲೆ ಬೀಜ ತಯಾರಿಸುವ ಕ್ರಮವು ಅಮೆರಿಕದ ಜೇಮ್ಸ್ ಸಿಂಡೆನ್‌ನಿಂದ 1930ರ ದಶಕದಲ್ಲಿ ಬಳಕೆಗೆ ಬಂತು. ತಯಾರಿಕೆಗೆ ಪ್ರಯೋಗಾಲಯದ ಶುದ್ಧತೆ ಬೇಕಾದುದರಿಂದ ಹೊಸಬರು ಅದನ್ನು ಕೊಳ್ಳುವುದೇ ಸರಿಯಾದ ದಾರಿ.

ಒಳ್ಳೆಯ ಬೀಜದಲ್ಲಿ ಪ್ರತಿ ಕಾಳನ್ನೂ ಬಿಳಿ ಎಳೆಗಳು ಒಂದೇ ಸಮನೆ ಮುಚ್ಚಿರುತ್ತವೆ ಮತ್ತು ಹಿತವಾದ ಅಣಬೆಯ ವಾಸನೆ ಇರುತ್ತದೆ. ಹಸಿರು ಅಥವಾ ಕಪ್ಪು ಮಚ್ಚೆ, ಹುಳಿ ವಾಸನೆ, ತಳದಲ್ಲಿ ನಿಂತ ಹಳದಿ ನೀರು ಇದ್ದರೆ ಅದನ್ನು ಬಳಸಬಾರದು. ಬೇಸಿಗೆಯಲ್ಲಿ ಬಸ್ಸಿನ ಬಿಸಿಲಿನಲ್ಲಿ ಬಹುಹೊತ್ತು ತಂದ ಬೀಜ ದಾರಿಯಲ್ಲೇ ನಿಸ್ಸತ್ವವಾಗಬಹುದು. ಸಂಜೆಯ ಪ್ರಯಾಣ, ಒದ್ದೆ ಬಟ್ಟೆಯ ಹೊದಿಕೆ ಇದಕ್ಕೆ ಸರಳ ಪರಿಹಾರಗಳು.

ಹುಲ್ಲಿನ ಸಿದ್ಧತೆ

ಇಡೀ ಬೇಸಾಯದಲ್ಲಿ ಹೊಸಬರು ಹೆಚ್ಚಾಗಿ ಎಡವುವ ಹಂತ ಇದು. ಹುಲ್ಲು ಅದೇ ವರ್ಷದ್ದಾಗಿದ್ದು, ಮಳೆಯಲ್ಲಿ ನೆನೆಯದೆ ಹೊಳಪು ಉಳಿಸಿಕೊಂಡಿರಬೇಕು. ಬಣವೆಯ ಮೇಲ್ಪದರದ ಕಪ್ಪಾದ ಹುಲ್ಲಿನಲ್ಲಿ ಬೇರೆ ಬೂಷ್ಟುಗಳು ಆಗಲೇ ನೆಲೆಸಿರುತ್ತವೆ.

ಹುಲ್ಲನ್ನು 3ರಿಂದ 5 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಗೋಣಿಚೀಲದಲ್ಲಿ ತುಂಬಿ, ಶುದ್ಧ ನೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಮರುದಿನ ಆ ನೀರನ್ನು ಬಸಿದು, ಸುಮಾರು 80 ಡಿಗ್ರಿ ಉಷ್ಣತೆಯ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಹಳ್ಳಿಯ ಮನೆಗಳ ಬಚ್ಚಲ ಹಂಡೆ ಈ ಕೆಲಸಕ್ಕೆ ಸಾಕಾಗುತ್ತದೆ. ಈ ಕ್ರಿಯೆಯ ಉದ್ದೇಶವು ಹುಲ್ಲನ್ನು ಸಂಪೂರ್ಣ ಕ್ರಿಮಿರಹಿತಗೊಳಿಸುವುದಲ್ಲ. ಸ್ಪರ್ಧಿಗಳಾದ ಬೂಷ್ಟುಗಳನ್ನು ತಗ್ಗಿಸಿ, ಚಿಪ್ಪು ಅಣಬೆಗೆ ಕೆಲವು ದಿನಗಳ ಮುನ್ನಡೆ ಕೊಡುವುದೇ ಇಲ್ಲಿನ ಗುರಿ.

ಬೇಯಿಸಿದ ಹುಲ್ಲನ್ನು ತೊಳೆದ ಇಳಿಜಾರು ಕಲ್ಲುಹಾಸಿನ ಅಥವಾ ಶುಭ್ರ ಹಾಳೆಯ ಮೇಲೆ ನೆರಳಿನಲ್ಲಿ ಹರವಿ ಆರಿಸಬೇಕು. ತೇವ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಹಿಡಿ ಹುಲ್ಲನ್ನು ಬಲವಾಗಿ ಹಿಂಡಿ ನೋಡಬೇಕು. ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನೀರು ಹೆಚ್ಚಾದರೆ ಚೀಲದ ತಳದಲ್ಲಿ ಗಾಳಿಯಿಲ್ಲದೆ ಹುಲ್ಲು ಕೊಳೆತು ನಾರುತ್ತದೆ.

ಹುಲ್ಲನ್ನು ಕಾರ್ಬೆಂಡಜಿಮ್ ಮತ್ತು ಫಾರ್ಮಲಿನ್ ಬೆರೆಸಿದ ತಣ್ಣೀರಿನಲ್ಲಿ 16ರಿಂದ 18 ಗಂಟೆ ಮುಳುಗಿಸುವ ವಿಧಾನವೂ ವಾಣಿಜ್ಯ ಘಟಕಗಳಲ್ಲಿ ಚಾಲ್ತಿಯಲ್ಲಿದೆ. ಸೌದೆ ಉಳಿಯುತ್ತದೆ ಎಂಬುದು ನಿಜ. ಆದರೆ ಫಾರ್ಮಲಿನ್‌ನ ಆವಿ ಕಣ್ಣು, ಶ್ವಾಸಕೋಶಗಳನ್ನು ಉರಿಸುವಂಥದ್ದು ಮತ್ತು ಕ್ಯಾನ್ಸರ್‌ಕಾರಕವೆಂದು ಗುರುತಿಸಲ್ಪಟ್ಟದ್ದು. ಮಕ್ಕಳಿರುವ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವುದು ಸಲ್ಲದು.

ಬಿತ್ತನೆ

ಒಂದು ಕಿಲೋ ಒಣಹುಲ್ಲು ನೆನೆದು ಬೆಂದ ಮೇಲೆ ಸುಮಾರು 3 ಕಿಲೋ ತೂಗುತ್ತದೆ. ಒದ್ದೆ ಹುಲ್ಲಿನ ತೂಕದ ಶೇಕಡಾ 2ರಿಂದ 3ರಷ್ಟು ಬೀಜ ಸಾಕು ಎಂಬುದು ಸಾಮಾನ್ಯ ಶಿಫಾರಸು; ಆರಂಭದಲ್ಲಿ ಕಿಲೋ ಒಣಹುಲ್ಲಿಗೆ 100 ಗ್ರಾಂ ಹಾಕಿದರೆ ಎಳೆಗಳು ಬೇಗ ಹರಡಿ ಬೂಷ್ಟಿನ ಭಯ ಕಡಿಮೆಯಾಗುತ್ತದೆ.

ಸೋಪಿನಿಂದ ಕೈತೊಳೆದು, ಗಾಳಿ ಬೀಸದ ಕೋಣೆಯಲ್ಲಿ, ಪಾಲಿಥೀನ್ ಚೀಲದೊಳಗೆ ನಾಲ್ಕೈದು ಬೆರಳು ದಪ್ಪದ ಹುಲ್ಲಿನ ಪದರ, ಅದರ ಅಂಚಿನುದ್ದಕ್ಕೆ ಬೀಜ, ಮತ್ತೆ ಹುಲ್ಲು ಎಂಬಂತೆ ಒತ್ತಿ ತುಂಬಬೇಕು. ಬಾಯಿ ಕಟ್ಟಿದ ನಂತರ ಸುತ್ತಲೂ ಪೆನ್ಸಿಲ್ ಗಾತ್ರದ ಹತ್ತಾರು ತೂತುಗಳನ್ನು ಮಾಡಬೇಕು. ಚೀಲಗಳನ್ನು ಮಬ್ಬುಗತ್ತಲೆಯ ಕೋಣೆಯಲ್ಲಿ ಒಂದಕ್ಕೊಂದು ತಾಗದಂತೆ ಇಡಬೇಕು, ಏಕೆಂದರೆ ಬೆಳೆಯುವ ಎಳೆಗಳು ಶಾಖವನ್ನು ಹೊರಬಿಡುತ್ತವೆ. ಚೀಲದ ಒಳಗಿನ ಉಷ್ಣತೆಯು ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚಿರುತ್ತದೆ. 15ರಿಂದ 20 ದಿನಗಳಲ್ಲಿ ಹುಲ್ಲೆಲ್ಲ ಬೆಳ್ಳಗಾಗಿ ಗಟ್ಟಿ ಮುದ್ದೆಯಾಗುತ್ತದೆ. ಈ ಅವಧಿಯಲ್ಲಿ ಚೀಲಕ್ಕೆ ನೀರು ಹಾಕುವಂತಿಲ್ಲ.

ಫಲ ಮತ್ತು ಕೊಯ್ಲು

ಹುಲ್ಲು ಬೆಳ್ಳಗಾದ ಮೇಲೆ ಚೀಲವನ್ನು ಉದ್ದಕ್ಕೆ ಸೀಳಿ ಅಥವಾ ಪೂರ್ತಿ ತೆಗೆದು, ಕಿಟಕಿಯ ಬೆಳಕು ಹಾಗೂ ಗಾಳಿಯಾಡುವ ಜಾಗಕ್ಕೆ ಸಾಗಿಸಬೇಕು. ನೇರ ಬಿಸಿಲು ಬೀಳಬಾರದು. ದಿನಕ್ಕೆ ಎರಡು-ಮೂರು ಬಾರಿ ಮಂಜಿನಂತೆ ನೀರು ಸಿಂಪಡಿಸಬೇಕು. ಒಣಹವೆಯ ಊರುಗಳಲ್ಲಿ ನೆಲಕ್ಕೆ ಮರಳು ಹಾಸಿ ನೆನೆಸುವುದು, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದು ಸಿಂಪರಣೆಗಿಂತಲೂ ಮುಖ್ಯ. ಹುಲ್ಲಿಗೆ ಹೆಚ್ಚು ನೀರು ಸುರಿಯದೆ ಗಾಳಿಯನ್ನು ತೇವವಾಗಿಡಬೇಕು.

ಮೂರ್ನಾಲ್ಕು ದಿನಗಳಲ್ಲಿ ಗುಂಡುಸೂಜಿಯ ತಲೆಯಂತಹ ಮೊಗ್ಗುಗಳು ಮೂಡಿ, ಮತ್ತೆ ಮೂರು ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಅಣಬೆಯ ರೂಪವೇ ಕೋಣೆಯ ಸ್ಥಿತಿಯನ್ನು ಹೇಳುತ್ತದೆ: ಕಾಂಡ ಉದ್ದವಾಗಿ ಕೊಡೆ ಚಿಕ್ಕದಾದರೆ ಗಾಳಿ ಸಾಲದು, ಇಂಗಾಲದ ಡೈಆಕ್ಸೈಡ್ ಕೂಡಿಕೊಂಡಿದೆ, ಅಂಚು ಒಣಗಿ ಬಿರಿದರೆ ತೇವ ಸಾಲದು, ಮೊಗ್ಗು ಹಳದಿಯಾಗಿ ಲೋಳೆಯಾದರೆ ನೀರು ಅತಿಯಾಗಿದೆ. ಕೊಡೆಯ ಅಂಚು ಇನ್ನೂ ಕೆಳಮುಖವಾಗಿ ಬಾಗಿರುವಾಗಲೇ ಬುಡವನ್ನು ಹಿಡಿದು ತಿರುಚಿ ಕೀಳಬೇಕು.

ಒಂದು ವಾರದಿಂದ ಹತ್ತು ದಿನಗಳ ಅಂತರದಲ್ಲಿ ಎರಡನೆಯ, ಮೂರನೆಯ ಬೆಳೆ ಬರುತ್ತವೆ. ಮೊದಲ ಎರಡರಲ್ಲಿಯೇ ಹೆಚ್ಚಿನ ಪಾಲು ಮುಗಿದಿರುತ್ತದೆ. ಒಂದು ಕಿಲೋ ಒಣಹುಲ್ಲಿನಿಂದ ಒಟ್ಟು 500ರಿಂದ 700 ಗ್ರಾಂ ತಾಜಾ ಅಣಬೆ ಸಿಕ್ಕರೆ ಹೊಸಬರಿಗೆ ಅದು ತೃಪ್ತಿಕರ ಫಸಲು.

ಕೀಟ, ರೋಗ ಮತ್ತು ಆರೋಗ್ಯದ ಎಚ್ಚರಿಕೆ

ಟ್ರೈಕೊಡರ್ಮ ಎಂಬ ಹಸಿರು ಬೂಷ್ಟು ಮುಖ್ಯ ಶತ್ರು. ಹೊಲದಲ್ಲಿ ರೋಗನಿಯಂತ್ರಕವಾಗಿ ಬಳಸುವ ಇದೇ ಶಿಲೀಂಧ್ರವು ಅಣಬೆಮನೆಗೆ ವಿನಾಶಕಾರಿ. ಹಸಿರು ಹರಡಿದ ಚೀಲವನ್ನು ಕೋಣೆಯೊಳಗೆ ಬಿಚ್ಚದೆ ದೂರ ಒಯ್ದು ಹೂಳಬೇಕು. ಸಣ್ಣ ನೊಣಗಳನ್ನು ತಡೆಯಲು ಕಿಟಕಿಗೆ ನುಣುಪು ಜಾಲರಿ ಹಾಕುತ್ತಾರೆ. ಹುಲ್ಲಿನಿಂದ ಕೆಲವೊಮ್ಮೆ ತೆಳು ಕಾಂಡದ, ಬೇಗ ಕಪ್ಪಗೆ ಕರಗುವ ಕಳೆ ಅಣಬೆಗಳು ಏಳುತ್ತವೆ. ಅವನ್ನು ಕಿತ್ತೆಸೆಯಬೇಕು, ತಿನ್ನಬಾರದು.

ಬಲಿತ ಚಿಪ್ಪು ಅಣಬೆಯು ಅಪಾರ ಸಂಖ್ಯೆಯ ಬೀಜಾಣುಗಳನ್ನು ಗಾಳಿಗೆ ಬಿಡುತ್ತದೆ. ಅವನ್ನು ದಿನವೂ ಉಸಿರಾಡುವವರಲ್ಲಿ ಕೆಮ್ಮು, ಜ್ವರ, ಉಬ್ಬಸದಂತಹ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಇದನ್ನು ವೈದ್ಯಕೀಯವಾಗಿ ಅಣಬೆ ಕೆಲಸಗಾರರ ಶ್ವಾಸಕೋಶ ರೋಗವೆಂದೇ ಗುರುತಿಸಲಾಗಿದೆ. ಆದ್ದರಿಂದ ಮಲಗುವ ಕೋಣೆಯಲ್ಲಿ ಚೀಲ ತೂಗುಹಾಕಬಾರದು. ಆಸ್ತಮಾ ಇರುವವರು ಈ ಕೆಲಸದಿಂದ ದೂರವಿರಬೇಕು. ಉಳಿದವರು ಕೊಯ್ಲಿನ ವೇಳೆ ಮುಖಗವಸು ಧರಿಸಿ, ಅಣಬೆ ಬಲಿಯುವ ಮೊದಲೇ ಕೀಳಬೇಕು.

ಮುಂಗಾರಿನಲ್ಲಿ ಹುತ್ತದ ಬಳಿ ಏಳುವ ಅಣಬೆಯನ್ನು ಆಯ್ದು ತರುವ ರೂಢಿ ಈ ಭಾಗದಲ್ಲಿಯೂ ಇದೆ. ಬೆಳ್ಳಿ ಚಮಚ ಕಪ್ಪಾಗುವುದು, ಬೆಳ್ಳುಳ್ಳಿಯ ಬಣ್ಣ ಬದಲಾಗುವುದು ಮುಂತಾದ ಯಾವ ಮನೆಪರೀಕ್ಷೆಯೂ ವಿಷದ ಅಣಬೆಯನ್ನು ನಂಬಿಕೆಯಿಂದ ಪತ್ತೆಹಚ್ಚಲಾರದು. ಪರಿಚಿತ ಬೀಜದಿಂದ ಬೆಳೆದ ಅಣಬೆಯಲ್ಲಿ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಬಳಕೆ ಮತ್ತು ಸಂಗ್ರಹ

ತಾಜಾ ಅಣಬೆಯಲ್ಲಿ ಸುಮಾರು ಶೇಕಡಾ 90ರಷ್ಟು ನೀರಿರುತ್ತದೆ. ಮಾಂಸಕ್ಕೆ ಸಮನಾದ ಪ್ರೋಟೀನ್ ಇದೆ ಎಂಬ ಪ್ರಚಾರವು ಒಣತೂಕದ ಲೆಕ್ಕವನ್ನು ಹಸಿ ಅಣಬೆಗೆ ಅನ್ವಯಿಸಿದ್ದರ ಫಲ. ಹಸಿಯಾಗಿ ತಿನ್ನದೆ ಚೆನ್ನಾಗಿ ಬೇಯಿಸಬೇಕು. ತುಮಕೂರು ಸೀಮೆಯಲ್ಲಿ ಮಸಾಲೆ ಅರೆದು ಮಾಡಿದ ಅಣಬೆ ಸಾರು ರಾಗಿಮುದ್ದೆಗೆ ಹೊಂದುವ ಅಡಿಗೆ.

ತೂತುಗಳಿರುವ ಚೀಲದಲ್ಲಿ ಫ್ರಿಜ್ಜಿನೊಳಗೆ ಮೂರ್ನಾಲ್ಕು ದಿನ ಇಡಬಹುದು. ಮಾರಾಟಕ್ಕೆ ಬೆಳೆಯುವವರು ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾದುದು ಇದರಿಂದಲೇ. ಸಂಜೆಗೆ ಉಳಿದ ಅಣಬೆ ನಷ್ಟದ ಬಾಬತ್ತು. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಹತ್ತು ಕಿಲೋ ತಾಜಾ ಅಣಬೆಯಿಂದ ಸುಮಾರು ಒಂದು ಕಿಲೋ ಒಣ ಅಣಬೆ ದೊರೆಯುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಡಿ2 ಜೀವಸತ್ವವಾಗಿ ಮಾರ್ಪಡುವುದು ಒಣಗಿಸುವಿಕೆಯ ಮತ್ತೊಂದು ಲಾಭ.

ಬೆಳೆ ಮುಗಿದ ಹುಲ್ಲು ಮೆತ್ತಗಾಗಿ ಬೇಗ ಕಳಿಯುವುದರಿಂದ ತಿಪ್ಪೆಗೆ ಅಥವಾ ಎರೆಗೊಬ್ಬರದ ತೊಟ್ಟಿಗೆ ಹಾಕುತ್ತಾರೆ. ಬೂಷ್ಟು ಹಿಡಿದ ಅಥವಾ ರಾಸಾಯನಿಕದಲ್ಲಿ ನೆನೆಸಿದ ಹುಲ್ಲನ್ನು ದನಗಳಿಗೆ ಹಾಕುವಂತಿಲ್ಲ.